ಮಲ್ಲಿಗೆ ಗಿಡಕ್ಕೆ ಏನಾಗಿದೆ? ಮನೆಯಂಗಳದ ಪರಿಮಳದ ಗಿಡಗಳ ದೋಷ ನಿವಾರಣೆ ಕೈಪಿಡಿ

ಹೂಗಿಡಕ್ಕೆ ತೊಂದರೆ ಬಂದಾಗ ಬಹಳ ಜನ ಕೇಳುವ ಮೊದಲ ಪ್ರಶ್ನೆ "ಏನು ಹಾಕಲಿ?" ಎಂಬುದು. ಯಾವ ಗೊಬ್ಬರ, ಯಾವ ಔಷಧಿ, ಯಾವ ಪುಡಿ ಅಂತ ಹುಡುಕುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ತೊಂದರೆ ಗಿಡದ ಯಾವ ಭಾಗದಲ್ಲಿ ಮೊದಲು ಕಾಣಿಸಿತು? ಚಿಗುರಿನಲ್ಲೋ, ಹಳೆ ಎಲೆಯಲ್ಲೋ, ಮೊಗ್ಗಿನಲ್ಲೋ, ಬುಡದಲ್ಲೋ? ಇದೊಂದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಉಳಿದರ್ಧ ಕೆಲಸಕ್ಕೆ ದುಡ್ಡು ಖರ್ಚಾಗುವುದು ಕಡಿಮೆ.

ಇಲ್ಲಿ ಮುಖ್ಯವಾಗಿ ಮಲ್ಲಿಗೆಯ ಬಗ್ಗೆ ಬರೆದಿದ್ದೇನೆ. ಗಂಧರಾಜ, ರಾತ್ರಿರಾಣಿ, ಪಾರಿಜಾತಗಳ ಮಾತು ಬೇಕಾದಲ್ಲಿ ಬರುತ್ತದೆ. ನಿಮ್ಮ ಗಿಡದಲ್ಲಿ ಕಾಣುವ ಲಕ್ಷಣದ ಭಾಗಕ್ಕೆ ನೇರವಾಗಿ ಹೋಗಬಹುದು. ಆದರೆ ಮುಂದಿನ ಒಂದು ಭಾಗವನ್ನು ಮಾತ್ರ ಎಲ್ಲರೂ ಓದಿ.

ಶುರು ಮಾಡುವ ಮೊದಲು

ಬೇಕಾಗುವ ಸಾಮಾನು ಮನೆಯಲ್ಲೇ ಇದೆ. ಒಂದು ಬಿಳಿ ಹಾಳೆ, ಒಂದು ಬ್ಲೇಡು, ಇದ್ದರೆ ಒಂದು ಭೂತಗನ್ನಡಿ. ಮಣ್ಣಿನ ತೇವ ನೋಡಲು ನಿಮ್ಮ ಬೆರಳೇ ಸಾಕು.

ನಾಲ್ಕು ವಿಷಯ ನೆನಪು ಮಾಡಿಕೊಳ್ಳಿ. ಗಿಡಕ್ಕೆ ದಿನಕ್ಕೆ ಎಷ್ಟು ಗಂಟೆ ನೇರ ಬಿಸಿಲು ಬೀಳುತ್ತದೆ? ಹಾಕುವ ನೀರು ಯಾವುದು: ಕಾವೇರಿಯೋ, ಬೋರ್‌ವೆಲ್ಲೋ, ಬಾವಿಯೋ? ಕೊನೆಯ ಸಲ ಗಿಡ ಸವರಿದ್ದು ಯಾವಾಗ? ಇತ್ತೀಚೆಗೆ ಏನು ಬದಲಾಯಿತು? ಕುಂಡ ಜಾಗ ಬದಲಾಯಿಸಿರಬಹುದು. ಪಕ್ಕದಲ್ಲಿ ಹೊಸ ಮನೆ ಎದ್ದು ನೆರಳು ಬಿದ್ದಿರಬಹುದು. ಹೊಸ ಗೊಬ್ಬರ ಹಾಕಿರಬಹುದು.

ಊರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಭೌಗೋಳಿಕ ಗುರುತು ಪಡೆದ ಮಲ್ಲಿಗೆಗಳು ನಮ್ಮ ರಾಜ್ಯದಲ್ಲಿ ಮೂರಿವೆ: ಮೈಸೂರು ಮಲ್ಲಿಗೆ, ಉಡುಪಿ ಮಲ್ಲಿಗೆ, ಹಡಗಲಿ ಮಲ್ಲಿಗೆ. ಮೂರೂ ಕಡೆಯ ಮಣ್ಣು, ಮಳೆ ಒಂದಕ್ಕೊಂದು ಹೋಲುವುದಿಲ್ಲ. ಉಡುಪಿ, ಶಂಕರಪುರದ ಕಡೆ ಜೋರು ಮಳೆ, ಹುಳಿ ಗುಣದ ಕೆಂಪು ಮುರಕಲ್ಲು ಮಣ್ಣು. ಅಲ್ಲಿ ಬೇರು ಕೊಳೆಯುವುದು, ಗೊಬ್ಬರ ಮಳೆಗೆ ತೊಳೆದುಹೋಗುವುದು ದೊಡ್ಡ ತಲೆನೋವು. ಹೂವಿನಹಡಗಲಿಯಂಥ ಒಣ ಹವೆಯಲ್ಲಿ ಎಲೆಯ ರಸ ಹೀರುವ ನುಸಿ (ಮೈಟ್) ಕಾಟ ಜಾಸ್ತಿ. ಬೆಂಗಳೂರಿನ ತಾರಸಿಯಲ್ಲಿ ಗಡಸು ಬೋರ್‌ವೆಲ್ ನೀರು, ಸಿಮೆಂಟು ಬೆರೆತ ಮಣ್ಣು. ಅಲ್ಲಿ ಚಿಗುರು ಹಳದಿಯಾಗುವುದೇ ಹೆಚ್ಚು. ಹಾಗಾಗಿ ಮಂಗಳೂರಿನ ಅತ್ತೆ ಹೇಳಿದ ಮದ್ದು ಬೆಂಗಳೂರಿನ ಸೊಸೆಯ ಕುಂಡಕ್ಕೆ ಹೊಂದಬೇಕೆಂದೇನಿಲ್ಲ.

"ಎಲೆ ಹಚ್ಚಗೆ ಚೆನ್ನಾಗಿದೆ, ಹೂವೇ ಇಲ್ಲ"

ಮಲ್ಲಿಗೆ ಬೆಳೆಸುವವರು ಹೆಚ್ಚಾಗಿ ಹೇಳುವ ತೊಂದರೆ ಇದು. ಕಾರಣ ಹುಡುಕುವುದೂ ಸುಲಭ.

ಮೊದಲು ತಿಂಗಳು ನೋಡಿ. ದುಂಡು ಮಲ್ಲಿಗೆಗೆ ಬಿಸಿ ಬೇಕು. ಬಯಲುಸೀಮೆಯಲ್ಲಿ ಮಾರ್ಚ್‌ನಿಂದ ಜುಲೈವರೆಗೆ ಅದರ ಸುಗ್ಗಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಹೂ ನಿಂತರೆ ಅದು ರೋಗವಲ್ಲ, ಗಿಡ ವಿಶ್ರಾಂತಿಯಲ್ಲಿದೆ. ಆಗ ಗೊಬ್ಬರ ಸುರಿದು ಎಬ್ಬಿಸಲು ಹೋಗಬೇಡಿ.

ಆಮೇಲೆ ಬಿಸಿಲು. ಮಲ್ಲಿಗೆಗೆ ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಬಾಲ್ಕನಿಯ ಬೆಳಕು ನಮ್ಮ ಕಣ್ಣಿಗೆ ಧಾರಾಳ ಅನ್ನಿಸುತ್ತದೆ, ಗಿಡಕ್ಕೆ ಸಾಲುವುದಿಲ್ಲ. ರಜೆಯ ದಿನ ಗಂಟೆಗೊಮ್ಮೆ ಹೋಗಿ ಎಲೆಯ ಮೇಲೆ ಬಿಸಿಲು ಬಿದ್ದಿದೆಯೇ ನೋಡಿ ಬರೆದಿಡಿ. ಮೂರು ಗಂಟೆಗಿಂತ ಕಡಿಮೆ ಇದ್ದರೆ ಬೇರೆ ಕಾರಣ ಹುಡುಕುವುದೇ ಬೇಡ. ಬಳ್ಳಿ ಉದ್ದುದ್ದ ಹರಿದು, ಗೆಣ್ಣಿಗೂ ಗೆಣ್ಣಿಗೂ ನಡುವೆ ಅಂತರ ಜಾಸ್ತಿ ಇದ್ದರೆ ಅದು ಬೆಳಕು ಹುಡುಕುತ್ತಿರುವ ಗುರುತು. ಕುಂಡವನ್ನು ತಾರಸಿಗೆ ಸಾಗಿಸಿ. ಒಮ್ಮೆಲೇ ಸುಡುಬಿಸಿಲಿಗೆ ಇಡಬೇಡಿ. ಒಂದು ವಾರ ಬೆಳಗಿನ ಬಿಸಿಲು ಮಾತ್ರ ಕೊಟ್ಟು ಅಭ್ಯಾಸ ಮಾಡಿಸಿ.

ಬಿಸಿಲು ಸರಿಯಿದ್ದರೆ ಕತ್ತರಿಯ ವಿಚಾರಕ್ಕೆ ಬನ್ನಿ. ಮಲ್ಲಿಗೆ ಹೂ ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೆ ಕಡ್ಡಿ ಹಾಗೇ ಉಳಿದರೆ ಹೊಸ ಕವಲು ಕಡಿಮೆ, ಕವಲು ಕಡಿಮೆಯಾದರೆ ಮೊಗ್ಗೂ ಕಡಿಮೆ. ಹೂವಿನ ತೋಟದವರು ನವೆಂಬರ್ ಕೊನೆಯ ಹೊತ್ತಿಗೆ ದುಂಡು ಮಲ್ಲಿಗೆಯನ್ನು ನೆಲದಿಂದ ಸುಮಾರು 50 ಸೆಂಟಿಮೀಟರ್ ಎತ್ತರಕ್ಕೆ ಸವರುತ್ತಾರೆ. ಕುಂಡದ ಗಿಡವಾದರೆ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ತೆಗೆಯಬಹುದು. ಸವರುವ ಮುಂಚೆ ಕೆಲವು ದಿನ ನೀರು ಕಡಿಮೆ ಮಾಡಿ. ಒಣಗಿದ, ತೆಳು, ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನು ಬುಡದಲ್ಲೇ ತೆಗೆಯಿರಿ. ಉಳಿದ ಎಲೆಗಳನ್ನೂ ಕಿತ್ತುಹಾಕಿ. ಆಮೇಲೆ ಗೊಬ್ಬರ ಕೊಟ್ಟು ನೀರು ಹಾಯಿಸಿ.

ಬಹಳ ಜನಕ್ಕೆ ಕತ್ತರಿಸಲು ಮನಸ್ಸು ಬರುವುದಿಲ್ಲ. ಅರ್ಥವಾಗುತ್ತದೆ. ಅಮ್ಮ ತವರಿನಿಂದ ತಂದುಕೊಟ್ಟ ಕಡ್ಡಿಯಾಗಿದ್ದರೆ ಇನ್ನೂ ಕಷ್ಟ. ಆದರೂ ಧೈರ್ಯ ಮಾಡಿ. ಬೇರು ಗಟ್ಟಿಯಿರುವ ಮಲ್ಲಿಗೆ ಗಿಡ ಸವರಿದ್ದಕ್ಕೆ ಸಾಯುವುದಿಲ್ಲ. ಸುಗ್ಗಿಯ ನಡುವೆಯೂ ಒಂದು ಸುತ್ತು ಹೂ ಮುಗಿದ ಮೇಲೆ, ಹೂ ಬಿಟ್ಟ ತುದಿಯ ಕೆಳಗೆ ಎರಡು ಜೊತೆ ಎಲೆ ಬಿಟ್ಟು ಚಿವುಟಿ. ಅಲ್ಲಿಂದ ಎರಡು ಕವಲು ಬರುತ್ತವೆ.

ಕೊನೆಗೆ ಗೊಬ್ಬರ. ಯೂರಿಯಾ ಅಥವಾ ಸಗಣಿ ಗೊಬ್ಬರ ಮಾತ್ರ ಧಾರಾಳವಾಗಿ ಹಾಕಿದ ಗಿಡ ಎಲೆ ಬೆಳೆಸಿಕೊಂಡು ಕೂರುತ್ತದೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ನೆಲದಲ್ಲಿ ಬೆಳೆದ ದುಂಡು ಮಲ್ಲಿಗೆಗೆ ವರ್ಷಕ್ಕೆ ಗಿಡವೊಂದಕ್ಕೆ 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ, 120 ಗ್ರಾಂ ಪೊಟ್ಯಾಷ್ ಹೇಳುತ್ತದೆ. ಅದನ್ನು ಸವರಿದ ಮೇಲೊಮ್ಮೆ, ಜೂನ್-ಜುಲೈನಲ್ಲೊಮ್ಮೆ ಅರ್ಧರ್ಧ ಕೊಡಬೇಕು. ಜೊತೆಗೆ 10 ಕಿಲೋ ಕೊಟ್ಟಿಗೆ ಗೊಬ್ಬರ. ಈ ಅಳತೆಯನ್ನು ಕುಂಡಕ್ಕೆ ಸುರಿಯಬೇಡಿ, ಬೇರು ಸುಟ್ಟೀತು. ಅನುಪಾತ ಮಾತ್ರ ಗಮನಿಸಿ: ಸಾರಜನಕ ಒಂದು ಪಾಲಾದರೆ ಉಳಿದೆರಡೂ ಎರಡೆರಡು ಪಾಲು. ಕುಂಡಕ್ಕೆ ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಮತ್ತು ಮೂಳೆಪುಡಿಯ ಮಿಶ್ರಣ ಸಾಕು. ಕರಾವಳಿಯಲ್ಲಿ ನೆಲಗಡಲೆ ಹಿಂಡಿ ನೆನೆಸಿದ ನೀರನ್ನು ತೆಳ್ಳಗೆ ಮಾಡಿ ಹಾಕುವ ರೂಢಿ ಇದೆ. ಅದೂ ಒಳ್ಳೆಯದೇ. ಹಿಂಡಿಯನ್ನು ಹಾಗೇ ಕುಂಡದಲ್ಲಿ ಉದುರಿಸಿದರೆ ಇರುವೆ, ಇಲಿ ಬರುತ್ತವೆ.

ಇಷ್ಟೆಲ್ಲ ಸರಿಯಿದ್ದೂ ಹೂ ಕಡಿಮೆಯೇ? ತಳಿ ನೋಡಿ. ಏಳು ಸುತ್ತಿನ ಮಲ್ಲಿಗೆ ನಿಧಾನಕ್ಕೆ ಬೆಳೆಯುತ್ತದೆ, ಹೂವೂ ಕಡಿಮೆ. ಶಂಕರಪುರದಲ್ಲಿ ಹೂವನ್ನು ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುತ್ತಾರೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂಥ ಇಳುವರಿಯನ್ನು ಸುತ್ತು ಮಲ್ಲಿಗೆಯಿಂದ ಬಯಸಬಾರದು. ಕಡ್ಡಿ ನೆಟ್ಟು ಇನ್ನೂ ಒಂದು ವರ್ಷವಾಗಿಲ್ಲದಿದ್ದರೆ ಕಾಯಿರಿ. ಎರಡನೇ ವರ್ಷದಿಂದಲೇ ಸರಿಯಾದ ಹೂವು.

"ಮೊಗ್ಗು ಬರುತ್ತದೆ, ಅರಳುವ ಮೊದಲೇ ಉದುರುತ್ತದೆ"

ಉದುರಿದ ಮೊಗ್ಗನ್ನು ಗುಡಿಸಿ ಎಸೆಯಬೇಡಿ. ಹತ್ತು ಹನ್ನೆರಡು ಆರಿಸಿಕೊಂಡು ಬಿಳಿ ಹಾಳೆಯ ಮೇಲಿಡಿ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿ.

ಒಳಗೆ ಏನೂ ಇಲ್ಲ, ಮೊಗ್ಗು ಸುಮ್ನೆ ಹಳದಿಯಾಗಿ ಒಣಗಿದೆ ಅಂದರೆ ನೀರಿನ ಏರುಪೇರು. ಎರಡು ದಿನ ಮರೆತು ಮೂರನೇ ದಿನ ಬಕೆಟ್‌ಗಟ್ಟಲೆ ಸುರಿಯುವುದು ಮೊಗ್ಗಿನ ಗಿಡಕ್ಕೆ ಆಗುವುದಿಲ್ಲ. ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ಒಣಗಿದ್ದರೆ ನೀರು, ತೇವ ಇದ್ದರೆ ನಾಳೆ. ಬೇಸಿಗೆಯ ತಾರಸಿಯಲ್ಲಿ ದಿನಾ ಬೆಳಿಗ್ಗೆ ಬೇಕಾಗುತ್ತದೆ. ಗಂಧರಾಜದಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಮೊಗ್ಗು ಕಟ್ಟಿದ ಮೇಲೆ ಅದರ ಕುಂಡವನ್ನು ಜಾಗ ಬದಲಿಸಿದರೂ, ಒಣಗಾಳಿ ಬೀಸಿದರೂ ಮೊಗ್ಗು ಕಪ್ಪಾಗಿ ಬೀಳುತ್ತದೆ. ಅದನ್ನು ಇದ್ದಲ್ಲೇ ಬಿಡಿ.

ಮೊಗ್ಗಿನಲ್ಲಿ ಸಣ್ಣ ತೂತು ಇದೆ, ಒಳಗೆ ಕಪ್ಪು ತಲೆಯ ತಿಳಿಹಸಿರು ಹುಳು ಇದೆ, ಪಕ್ಕದ ಮೊಗ್ಗುಗಳು ನೂಲಿನಿಂದ ಅಂಟಿಕೊಂಡಿವೆ. ಇದು ಮೊಗ್ಗು ಕೊರಕ ಹುಳು. ಮನೆಯಲ್ಲಿ ಒಂದೆರಡು ಗಿಡ ಇದ್ದರೆ ಕೈಯಿಂದಲೇ ಗೆಲ್ಲಬಹುದು. ತೂತು ಬಿದ್ದ ಮೊಗ್ಗುಗಳನ್ನೆಲ್ಲ ದಿನಾ ಕಿತ್ತು ಸೋಪಿನ ನೀರಿಗೆ ಹಾಕಿ. ಜೊತೆಗೆ ವಾರಕ್ಕೊಮ್ಮೆ ಬೇವಿನ ಎಣ್ಣೆ ಸಿಂಪಡಿಸಿ.

ತೂತು ಕಾಣುವುದಿಲ್ಲ, ಆದರೆ ಮೊಗ್ಗಿನ ಬುಡ ಊದಿ ಗುಲಾಬಿ ಅಥವಾ ನೇರಳೆ ಬಣ್ಣಕ್ಕೆ ತಿರುಗಿದೆ. ಸೀಳಿದರೆ ತೀರಾ ಸಣ್ಣ ಬಿಳಿ ಹುಳುಗಳು ಹಲವು ಇವೆ. ಇದು ಮೊಗ್ಗು ನೊಣದ ಮರಿ. ಇದನ್ನು ಮೇಲಿನ ಹುಳು ಎಂದು ತಿಳಿದು ಬರೀ ಎಲೆಗೆ ಔಷಧಿ ಹೊಡೆದರೆ ಕೆಲಸ ಕೆಡುತ್ತದೆ. ಮರಿ ಮೊಗ್ಗಿನೊಳಗೆ ಭದ್ರವಾಗಿರುತ್ತದೆ, ಬೆಳೆದ ಮೇಲೆ ಮಣ್ಣಿಗಿಳಿದು ಕೋಶ ಕಟ್ಟುತ್ತದೆ, ಅಲ್ಲಿಂದ ನೊಣವಾಗಿ ಮತ್ತೆ ಮೇಲೆ ಬರುತ್ತದೆ. ಆದ್ದರಿಂದ ಮದ್ದು ಬುಡದಲ್ಲಿದೆ. ಬಣ್ಣಗೆಟ್ಟ ಮೊಗ್ಗನ್ನು ಗಿಡದಲ್ಲಿರುವಾಗಲೇ ಕಿತ್ತುಬಿಡಿ. ಬಿದ್ದದ್ದನ್ನು ದಿನಾ ಆರಿಸಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಡಿ. ಮೇಲಿನ ಎರಡು ಇಂಚು ಮಣ್ಣು ಕೆದಕಿ ಒಣಗಲು ಬಿಡಿ, ಬೇವಿನ ಹಿಂಡಿ ಬೆರೆಸಿ. ಇದೇ ನೊಣ ಟೊಮೆಟೊ, ಬದನೆ, ಮೆಣಸಿನಕಾಯಿ, ದಾಸವಾಳದ ಮೊಗ್ಗಿಗೂ ಹೋಗುತ್ತದೆ. ಪಕ್ಕದಲ್ಲಿ ಆ ಗಿಡಗಳಿದ್ದರೆ ಅವನ್ನೂ ನೋಡಿ. ಹಾಳಾದ ಮೊಗ್ಗನ್ನು ಕಾಂಪೋಸ್ಟ್ ಡಬ್ಬಿಗೆ ಹಾಕಲೇಬೇಡಿ.

ಮಳೆಗಾಲದಲ್ಲಿ ಸುತ್ತು ಮಲ್ಲಿಗೆಯ ದಪ್ಪ ಮೊಗ್ಗು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾದರೆ ದಳಗಳ ನಡುವೆ ನೀರು ನಿಂತು ಕೊಳೆತಿದೆ ಅಷ್ಟೆ. ಕುಂಡವನ್ನು ಸೂರಿನಡಿ ಗಾಳಿಯಾಡುವ ಕಡೆ ಇಡಿ.

"ಎಲೆ ಹಳದಿಯಾಗುತ್ತಿದೆ"

ಇಲ್ಲಿ ಅವಸರ ಮಾಡಿದವರೇ ಹೆಚ್ಚು ಗಿಡ ಕಳೆದುಕೊಳ್ಳುತ್ತಾರೆ. ಹಳದಿ ಕಂಡ ಕೂಡಲೇ ನೀರು ಸಾಲದು ಅಂತ ಸುರಿಯುತ್ತಾರೆ. ಎಷ್ಟೋ ಸಲ ಕಾರಣ ಅದರ ತದ್ವಿರುದ್ಧ ಇರುತ್ತದೆ.

ಕೆಳಗಿನ ಒಂದೆರಡು ಹಳೆ ಎಲೆ ಮಾತ್ರ ಹಳದಿಯಾಗಿ ಬಿದ್ದರೆ ಬಿಟ್ಟುಬಿಡಿ. ವಯಸ್ಸಾಗಿದೆ.

ಗಿಡ ಪೂರ್ತಿ ಹಳದಿ, ಮಣ್ಣು ಯಾವಾಗಲೂ ಒದ್ದೆ, ಮೇಲೆ ಪಾಚಿ ಇದೆ ಅಂದರೆ ನೀರು ಹೆಚ್ಚಾಗಿದೆ. ಕುಂಡದ ಕೆಳಗಿನ ತೂತಿಗೆ ಕಡ್ಡಿ ತೂರಿಸಿ ನೋಡಿ. ಮುಚ್ಚಿಹೋಗಿದ್ದರೆ ಬಿಡಿಸಿ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ. ಬರೀ ಕೆಂಪು ಮಣ್ಣು ತುಂಬಿದ ಕುಂಡ ಕೆಲವೇ ತಿಂಗಳಲ್ಲಿ ಗಟ್ಟಿಯಾಗಿಬಿಡುತ್ತದೆ. ಮಣ್ಣು, ಗೊಬ್ಬರ, ಮರಳು ಅಥವಾ ಕೊಕೊಪೀಟ್ ಸಮ ಪಾಲು ಬೆರೆಸಿ ಹೊಸದಾಗಿ ತುಂಬಿ.

ಹಳೆ ಎಲೆಗಳೆಲ್ಲ ಒಂದೇ ಸಮ ತಿಳಿಹಳದಿ, ಬೆಳವಣಿಗೆಯೂ ನಿಧಾನ ಅಂದರೆ ಸಾರಜನಕ ಸಾಲದು. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಮುಗಿದ ಮೇಲೆ ಹೀಗಾಗುವುದು ಸಾಮಾನ್ಯ. ಎರೆಗೊಬ್ಬರ ಕೊಡಿ.

ಈಗ ಬೆಂಗಳೂರಿನವರಿಗೂ ಕಪ್ಪುಮಣ್ಣಿನ ಊರಿನವರಿಗೂ ಮುಖ್ಯವಾದ ಲಕ್ಷಣ. ಹಳೆ ಎಲೆ ಹಸಿರಾಗಿಯೇ ಇದೆ. ಹೊಸ ಚಿಗುರು ಮಾತ್ರ ಹಳದಿ, ನರಗಳು ಹಸಿರು ಗೆರೆಯ ಹಾಗೆ ಎದ್ದು ಕಾಣುತ್ತವೆ. ಇದು ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ. ಆದರೆ ಗಡಸು ನೀರು, ಗಾರೆಯ ಪುಡಿ, ಸುಣ್ಣದ ಅಂಶ ಸೇರಿ ಮಣ್ಣು ಕ್ಷಾರವಾದಾಗ ಬೇರು ಅದನ್ನು ಹೀರಿಕೊಳ್ಳಲಾರದು. ಗಂಧರಾಜ ಹುಳಿ ಮಣ್ಣನ್ನೇ ಬಯಸುವ ಗಿಡ, ಅದರಲ್ಲಿ ಈ ಗುರುತು ಎಲ್ಲಕ್ಕಿಂತ ಮೊದಲು ಕಾಣುತ್ತದೆ. ಕರಾವಳಿಯ ಅಂಗಳದಲ್ಲಿ ತಾನಾಗಿ ಬೆಳೆಯುವ ಗಂಧರಾಜ ಬೆಂಗಳೂರಿನಲ್ಲಿ ಸೊರಗುವುದು ಇದಕ್ಕೇ.

ಮೊದಲ ಮದ್ದು ನೀರು ಬದಲಿಸುವುದು. ಮಳೆನೀರು ಹಿಡಿದಿಟ್ಟು ಕೊಡಿ. ಜೊತೆಗೆ ಅನ್ನಭೇದಿ (ಫೆರಸ್ ಸಲ್ಫೇಟ್). ಒಂದು ಲೀಟರ್ ನೀರಿಗೆ 5 ಗ್ರಾಂ ಕರಗಿಸಿ, ಸಂಜೆ ಎಲೆಗಳಿಗೆ ಸಿಂಪಡಿಸಿ. ತಿಂಗಳಿಗೊಮ್ಮೆ, ಚಿಗುರು ಹಸಿರಾಗುವವರೆಗೆ. ನಾಲ್ಕು ಹನಿ ನಿಂಬೆರಸ ಸೇರಿಸಿದರೆ ದ್ರಾವಣ ಬೇಗ ಕೆಡುವುದಿಲ್ಲ. ಆಗಿಂದಾಗ ಮಾಡಿಕೊಂಡು ಬಳಸಿ. ಕಂದು ಬಣ್ಣಕ್ಕೆ ತಿರುಗಿದ್ದನ್ನು ಚೆಲ್ಲಿ. ಟೈಲ್ಸ್ ಮೇಲೆ, ಬಟ್ಟೆಯ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಅದಕ್ಕೆ ಕೆಳಗೆ ಗೋಣಿಚೀಲ ಹಾಸಿಕೊಳ್ಳಿ. ಹಳದಿಯಾದ ಎಲೆ ಪೂರ್ತಿ ಹಸಿರಾಗದೇ ಇರಬಹುದು. ಆಮೇಲೆ ಬರುವ ಚಿಗುರನ್ನು ನೋಡಿ ತೀರ್ಮಾನಿಸಿ.

ಈ ಗುರುತು ಇರುವಾಗ ಮೊಟ್ಟೆಚಿಪ್ಪು, ಒಲೆ ಬೂದಿ ಹಾಕಬಾರದು. ಮೊಟ್ಟೆಚಿಪ್ಪು ಸುಣ್ಣವೇ, ಬೂದಿಯೂ ಕ್ಷಾರ. ಎರಡೂ ತೊಂದರೆಯನ್ನು ಹೆಚ್ಚಿಸುತ್ತವೆ.

ಎಲೆಯ ಅಂಚು, ತುದಿ ಕಂದಾಗಿ ಸುಟ್ಟಂತಿದ್ದು, ಕುಂಡದ ಹೊರಮೈಯಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಉಪ್ಪು ಸೇರಿಕೊಂಡಿದೆ. ಆರ್‌ಓ ಯಂತ್ರದಿಂದ ಹೊರಬರುವ ನೀರನ್ನು ಪೋಲಾಗಬಾರದೆಂದು ಗಿಡಕ್ಕೆ ಹಾಕುತ್ತಾರೆ. ಉದ್ದೇಶ ಒಳ್ಳೆಯದು, ಆದರೆ ಆ ನೀರಿನಲ್ಲಿ ಲವಣ ದಟ್ಟವಾಗಿರುತ್ತದೆ. ನೆಲ ಒರೆಸಲು ಬಳಸಿ. ಅಪಾರ್ಟ್‌ಮೆಂಟ್‌ಗಳ ಸಾಫ್ಟನರ್ ನೀರಿನಲ್ಲಿ ಸೋಡಿಯಂ ಇರುತ್ತದೆ, ಅದೂ ಬೇಡ. ಕುಂಡದ ಗಾತ್ರದ ಎರಡು ಮೂರು ಪಟ್ಟು ಒಳ್ಳೆಯ ನೀರನ್ನು ನಿಧಾನವಾಗಿ ಹಾಯಿಸಿ ಕೆಳಗಿನಿಂದ ಹರಿದುಹೋಗಲು ಬಿಟ್ಟರೆ ಉಪ್ಪು ತೊಳೆದುಹೋಗುತ್ತದೆ.

"ಎಲೆ ಮಂಕಾಗಿದೆ, ಅಂಟಂಟಾಗಿದೆ, ಬಲೆ ಕಟ್ಟಿದೆ"

ಬಿಳಿ ಹಾಳೆಯನ್ನು ಕೊಂಬೆಯ ಕೆಳಗೆ ಹಿಡಿದು ಕೊಂಬೆಯನ್ನು ತಟ್ಟಿ. ಬಿದ್ದ ಚುಕ್ಕಿಗಳು ನಿಧಾನವಾಗಿ ಹರಿದಾಡಿದರೆ ನುಸಿ. ಬೆರಳಿನಿಂದ ಒರೆಸಿದಾಗ ಕೆಂಪು ಗೆರೆ ಮೂಡಿದರೆ ಖಚಿತ. ಎಲೆಯ ಅಡಿಯಲ್ಲಿ ತೆಳು ಬಲೆ, ಮೇಲೆ ಸೂಜಿಮೊನೆಯಂಥ ಬಿಳಿ ಚುಕ್ಕಿಗಳು ಇರುತ್ತವೆ. ನುಸಿಗೆ ಒಣ ಧೂಳು ಇಷ್ಟ. ಮೂರು ನಾಲ್ಕು ದಿನ ಬೆಳಿಗ್ಗೆ ಪೈಪಿನ ನೀರನ್ನು ಎಲೆಯ ಅಡಿಗೆ ಜೋರಾಗಿ ಹಾಯಿಸಿ. ಅರ್ಧ ಕಾಟ ಅಲ್ಲೇ ಮುಗಿಯುತ್ತದೆ.

ಬಿಳಿ ಹತ್ತಿಯಂಥದ್ದು ಕವಲಿನ ಸಂದಿಯಲ್ಲಿದ್ದರೆ ಹಿಟ್ಟು ತಿಗಣೆ. ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಇರುವೆ ಸಾಲು ಇದ್ದರೆ ಅದನ್ನೂ ತಡೆಯಿರಿ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆ ಅವುಗಳನ್ನು ಕಾಯುತ್ತದೆ. ಎಲೆಯ ಮೇಲಿನ ಕಪ್ಪು ಮಸಿಯೂ ಆ ಅಂಟಿನ ಮೇಲೆ ಬೆಳೆದ ಬೂಷ್ಟು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ಎಲೆ, ಮೊಗ್ಗಿನ ಮೇಲೆ ಬಿಳಿ ಉಣ್ಣೆಯಂಥ ಹೊದಿಕೆ ಎದ್ದು, ಎಲೆ ಸುರುಟಿ, ಒರೆಸಿದರೂ ಹೋಗದಿದ್ದರೆ ಅದು ಬೇರೆ ಜಾತಿಯ, ಕಣ್ಣಿಗೆ ಕಾಣದ ನುಸಿ. ಆ ಕೊಂಬೆಯನ್ನೇ ಕತ್ತರಿಸಿ ಸುಟ್ಟುಹಾಕಿ. ಉಳಿದ ಭಾಗಕ್ಕೆ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂ ಬೆರೆಸಿ ಹೊಡೆಯಬಹುದು. ಬೇಸಿಗೆಯ ಸುಡುಬಿಸಿಲಿನ ದಿನಗಳಲ್ಲಿ ಗಂಧಕ ಬೇಡ, ಎಲೆ ಸುಡುತ್ತದೆ. ಬೇವಿನ ಎಣ್ಣೆ ಹೊಡೆದು ಎರಡು ವಾರ ಕಳೆಯುವವರೆಗೂ ಗಂಧಕ ಹೊಡೆಯಬೇಡಿ.

ಬೇವಿನ ಎಣ್ಣೆಯ ಅಳತೆ: ಲೀಟರ್ ನೀರಿಗೆ 5 ಮಿ.ಲೀ., ಜೊತೆಗೆ ಕೆಲವು ಹನಿ ಪಾತ್ರೆ ತೊಳೆಯುವ ದ್ರವ. ಮೊದಲು ನಾಲ್ಕು ಎಲೆಗೆ ಹೊಡೆದು ಒಂದು ದಿನ ಕಾಯಿರಿ. ತೊಂದರೆ ಇಲ್ಲದಿದ್ದರೆ ಸಂಜೆ ಹೊತ್ತು, ಮೊಗ್ಗು ಕಿತ್ತ ಮೇಲೆ, ಎಲೆಯ ಅಡಿಗೆ ತಾಗುವಂತೆ ಸಿಂಪಡಿಸಿ.

"ಮಣ್ಣಿನಲ್ಲಿ ತೇವ ಇದೆ, ಗಿಡ ಮಾತ್ರ ಬಾಡಿದೆ"

ಇದು ಗಂಭೀರ. ಇನ್ನೂ ನೀರು ಹಾಕಬೇಡಿ.

ಕಡ್ಡಿಯನ್ನು ಉಗುರಿನಿಂದ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಆಮೇಲೆ ಬುಡದ ಮಣ್ಣು ಸರಿಸಿ. ಕಾಂಡಕ್ಕೆ ಬಿಳಿ ನೂಲಿನಂಥ ಬೂಷ್ಟು, ಅದರ ನಡುವೆ ಸಾಸಿವೆ ಕಾಳಿನಂಥ ಕಂದು ಉಂಡೆಗಳು ಕಂಡರೆ ಅದು ಬುಡ ಕೊಳೆ ರೋಗದ ಶಿಲೀಂಧ್ರ. ಆ ಗಿಡ ಉಳಿಸುವ ಪ್ರಯತ್ನ ನಿಲ್ಲಿಸಿ. ಮಣ್ಣಿನ ಸಮೇತ ಕಿತ್ತು ಚೀಲಕ್ಕೆ ಹಾಕಿ. ಆ ಸಾಸಿವೆ ಉಂಡೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಅದೇ ಗುಂಡಿಯಲ್ಲಿ ಮತ್ತೆ ಮಲ್ಲಿಗೆ ನೆಡಬೇಡಿ. ಗುದ್ದಲಿ, ಕತ್ತರಿ ತೊಳೆದು ಸ್ಪಿರಿಟ್‌ನಿಂದ ಒರೆಸಿ.

ಬುಡ ಚೆನ್ನಾಗಿದ್ದರೆ ಕುಂಡದಿಂದ ಗಿಡ ಹೊರತೆಗೆದು ಬೇರು ನೋಡಿ. ಬೇರು ಕಪ್ಪಾಗಿ, ಎಳೆದರೆ ಸಿಪ್ಪೆ ಜಾರಿ ಬರುತ್ತದೆ, ಕೆಟ್ಟ ವಾಸನೆ ಇದೆ ಅಂದರೆ ನೀರಿಗೆ ಕೊಳೆತಿದೆ. ಕೊಳೆತದ್ದನ್ನೆಲ್ಲ ಕತ್ತರಿಸಿ, ಮೇಲಿನ ಕಡ್ಡಿಗಳನ್ನೂ ಅಷ್ಟೇ ಪ್ರಮಾಣದಲ್ಲಿ ಸವರಿ, ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿದ ಹೊಸ ಮಣ್ಣಿಗೆ ನೆಟ್ಟು ನೆರಳಲ್ಲಿಡಿ. ಅರ್ಧಕ್ಕಿಂತ ಹೆಚ್ಚು ಬೇರು ಹೋಗಿದ್ದರೆ ಗಿಡದ ಮೇಲೆ ಆಸೆ ಇಡಬೇಡಿ. ಹಸಿರಿರುವ ಕಡ್ಡಿಗಳನ್ನು ಕತ್ತರಿಸಿ ಬೇರೆ ಮರಳಿನಲ್ಲಿ ನೆಡಿ. ತಳಿಯಾದರೂ ಉಳಿಯುತ್ತದೆ.

ಬೇರಿನಲ್ಲಿ ಮಣಿ ಪೋಣಿಸಿದಂತೆ ಗಂಟುಗಳಿದ್ದರೆ ಮಣ್ಣಿನ ಜಂತುಹುಳು (ನೆಮಟೋಡ್). ಇಂಥ ಗಿಡ ಹಳದಿಯಾಗಿ, ಕುಳ್ಳಾಗಿ, ಏನು ಕೊಟ್ಟರೂ ಏಳುವುದಿಲ್ಲ. ಕುಂಡದ ಗಿಡವಾದರೆ ಗಿಡ, ಮಣ್ಣು ಎರಡನ್ನೂ ತೆಗೆದುಹಾಕುವುದೇ ಲೇಸು. ನೆಲದಲ್ಲಾದರೆ ಬೇವಿನ ಹಿಂಡಿ ಕೊಟ್ಟು, ಸುತ್ತ ಚೆಂಡುಹೂ ಬೆಳೆಸಿ ಕಾಟ ತಗ್ಗಿಸಬಹುದು.

ಬೇರು ಬೆಳ್ಳಗೆ ಆರೋಗ್ಯವಾಗಿದೆ, ಆದರೆ ಕುಂಡದ ಆಕಾರದಲ್ಲೇ ಸುತ್ತಿಕೊಂಡು ಮಣ್ಣೇ ಕಾಣುತ್ತಿಲ್ಲವೇ? ಜಾಗ ಸಾಲದಾಗಿದೆ. ಹಾಕಿದ ನೀರು ಕೂಡಲೇ ಕೆಳಗೆ ಓಡುವುದು ಇದರ ಗುರುತು. ಹೊರಸುತ್ತಿನ ಬೇರು ಸವರಿ ದೊಡ್ಡ ಕುಂಡಕ್ಕೆ ಬದಲಿಸಿ. 14 ಇಂಚಿನದಾದರೆ ಒಳ್ಳೆಯದು.

"ಹೂ ಬಂತು, ಪರಿಮಳವೇ ಇಲ್ಲ"

ಹೊತ್ತು ನೋಡಿ ಮೂಸಿ. ಮಲ್ಲಿಗೆ ಅರಳುವುದು ಸಂಜೆಗೆ, ಪರಿಮಳ ತುಂಬುವುದು ರಾತ್ರಿ. ರಾತ್ರಿರಾಣಿಗೆ ಹಗಲಲ್ಲಿ ವಾಸನೆ ಇರುವುದೇ ಇಲ್ಲ ಅನ್ನಬಹುದು. ಚಳಿ, ಮೋಡ, ಮಳೆಯ ದಿನ ಎಲ್ಲ ಹೂವಿನ ಪರಿಮಳವೂ ತಗ್ಗುತ್ತದೆ.

ಬೆಚ್ಚಗಿನ ರಾತ್ರಿಯಲ್ಲೂ ವಾಸನೆ ಇಲ್ಲ ಅಂದರೆ ಗಿಡದ ಜಾತಿ ಬೇರೆ. ನರ್ಸರಿಯಲ್ಲಿ ಮಲ್ಲಿಗೆ ಎಂದು ಕೊಟ್ಟದ್ದು ಎಷ್ಟೋ ಸಲ ಕಾಕಡ ಆಗಿರುತ್ತದೆ. ಕಾಕಡದ ಎಲೆ, ಎಳೆ ಕಡ್ಡಿಯ ಮೇಲೆ ನವಿರು ರೋಮ ಇರುತ್ತದೆ. ಹೂ ಗೊಂಚಲು ಗೊಂಚಲಾಗಿ, ಚಳಿಗಾಲದಲ್ಲೂ ಬರುತ್ತದೆ, ಪರಿಮಳ ತೀರಾ ಕಡಿಮೆ. ಯಾವ ಗೊಬ್ಬರವೂ ಅದನ್ನು ಬದಲಿಸದು. ಮಾಲೆ ಕಟ್ಟಲು ಚೆನ್ನಾಗಿದೆ, ಬೆಳೆಸಿಕೊಳ್ಳಿ. ಪರಿಮಳ ಬೇಕಿದ್ದರೆ, ಹೂ ಬಿಟ್ಟಿರುವ ಗಿಡವನ್ನು ಸಂಜೆ ಹೋಗಿ ಮೂಸಿ ನೋಡಿ ಕೊಳ್ಳುವುದು ಸರಿಯಾದ ದಾರಿ.

ಪಾರಿಜಾತದ ಹೂ ಬೆಳಿಗ್ಗೆ ಎಲ್ಲ ಉದುರಿತು ಎಂದು ಹೊಸದಾಗಿ ನೆಟ್ಟವರು ಗಾಬರಿಯಾಗುತ್ತಾರೆ. ಅದು ಆ ಗಿಡದ ಸಹಜ ಗುಣ. ಬೇಸಿಗೆಯ ಒಣ ದಿನಗಳಲ್ಲಿ ಎಲೆ ಉದುರಿಸುವುದೂ ಹಾಗೇ.

ಎಚ್ಚರಿಕೆ, ಮತ್ತು ಯಾವಾಗ ಕೈಬಿಟ್ಟು ಕೇಳಬೇಕು

ಈ ಹೂ ಮಗಳ ಜಡೆಗೆ ಹೋಗುತ್ತದೆ, ದೇವರ ಮನೆಗೆ ಹೋಗುತ್ತದೆ. ಹತ್ತಿ, ಭತ್ತಕ್ಕೆಂದು ತಂದ ಕೀಟನಾಶಕದಲ್ಲಿ ಉಳಿದದ್ದನ್ನು ಮನೆಯ ಮಲ್ಲಿಗೆಗೆ ಹೊಡೆಯಬೇಡಿ. ಕೀಟನಾಶಕದ ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಕೆಂಪು, ಹಳದಿ ಗುರುತಿನವು ಮನೆಯಂಗಳಕ್ಕೆ ಬರಲೇಬಾರದು. ಬುಡಕ್ಕೆ ಫೋರೇಟ್ ಗುಳಿಗೆ ಹಾಕಿ ಎಂಬ ಹಳೆ ಸಲಹೆ ಈಗಲೂ ಕೇಳಿಬರುತ್ತದೆ. 2020ರ ಕೊನೆಯಿಂದ ಅದು ದೇಶದಲ್ಲಿ ನಿಷೇಧವಾಗಿದೆ. ಯಾರಾದರೂ ಔಷಧಿ ಕುಡಿದರೆ ವಾಂತಿ ಮಾಡಿಸಲು ಹೋಗದೆ, ಡಬ್ಬಿಯ ಸಮೇತ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ರಾತ್ರಿರಾಣಿಯ ಬಿಳಿ ಹಣ್ಣು ವಿಷ. ಗಿಡದ ಉಳಿದ ಭಾಗಗಳೂ ಒಳ್ಳೆಯದಲ್ಲ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಹೂ ಮುಗಿದ ಕೂಡಲೇ ತುದಿ ಕತ್ತರಿಸಿಬಿಡಿ. ಅದರ ಘಾಟಿಗೆ ಕೆಲವರಿಗೆ ತಲೆನೋವು, ಉಬ್ಬಸ ಬರುತ್ತದೆ, ಮಲಗುವ ಕೋಣೆಯ ಕಿಟಕಿ ಹತ್ತಿರ ನೆಡಬೇಡಿ. ಪಕ್ಕದಲ್ಲಿ ಕಣಗಿಲೆ ಇದ್ದರೆ ಅದರ ಕಡ್ಡಿಯನ್ನು ಸುಡಬೇಡಿ, ಹೊಗೆಯೂ ವಿಷ. ಪರಿಮಳಕ್ಕೆ ಹಾವು ಬರುತ್ತದೆ ಎಂಬ ಭಯ ನಮ್ಮಲ್ಲಿ ಹಳೆಯದು. ಹಾವು ಬರುವುದು ಪೊದೆಯ ತಂಪಿಗೆ, ಅಲ್ಲಿರುವ ಕಪ್ಪೆ, ಇಲಿಗೆ. ಬುಡದಲ್ಲಿ ಒಂದಡಿ ಎತ್ತರದವರೆಗೆ ಕೊಂಬೆ ತೆಗೆದು ಕಸ ಗುಡಿಸಿಟ್ಟರೆ ಕೈ ಹಾಕುವ ಮೊದಲು ಕಣ್ಣಿಗೆ ಎಲ್ಲ ಕಾಣುತ್ತದೆ.

ಎರಡು ವಾರ ಸರಿಯಾಗಿ ಆರೈಕೆ ಮಾಡಿಯೂ ಹೊಸ ಚಿಗುರಿನಲ್ಲಿ ಅದೇ ಲಕ್ಷಣ ಮರಳಿದರೆ, ಒಂದು ಗಿಡದಿಂದ ಇನ್ನೊಂದಕ್ಕೆ ಬಾಡುವಿಕೆ ಹರಡಿದರೆ, ಹೂವಿನ ಜಾಗದಲ್ಲಿ ಸಣ್ಣ ಹಸಿರೆಲೆಗಳ ಗೊಂಚಲು ಬಂದರೆ, ನೀವೇ ಪ್ರಯೋಗ ಮಾಡುವುದನ್ನು ನಿಲ್ಲಿಸಿ. ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿ ಅಥವಾ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಉಡುಪಿಯವರಿಗೆ ಬ್ರಹ್ಮಾವರದಲ್ಲಿದೆ. ಬೆಂಗಳೂರಿನವರಿಗೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹತ್ತಿರ.

ಹೋಗುವಾಗ ಒಣಗಿದ ಎಲೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಅವರಿಗೂ ಗೊತ್ತಾಗುವುದಿಲ್ಲ. ಅರ್ಧ ಹಾಳಾದ, ಅರ್ಧ ಚೆನ್ನಾಗಿರುವ ಒಂದು ಕೊಂಬೆಯನ್ನು ಕಾಗದದಲ್ಲಿ ಸುತ್ತಿ ಒಯ್ಯಿರಿ. ಹಿಡಿ ಮಣ್ಣಿನ ಜೊತೆ ಸ್ವಲ್ಪ ಬೇರು ಬೇರೆ ಚೀಲದಲ್ಲಿರಲಿ. ಇಡೀ ಗಿಡದ ಒಂದು ಫೋಟೊ, ನೀವು ಹಾಕುವ ನೀರಿನ ಒಂದು ಬಾಟಲಿ, ಈವರೆಗೆ ಹಾಕಿದ್ದರ ಪಟ್ಟಿ ಜೊತೆಗಿರಲಿ. ಕಿತ್ತ ದಿನವೇ ತಲುಪಿಸಿ.